ಕೊಟ್ಟದ್ದು ಮತ್ತು ಕೊಡಬೇಕಾದದ್ದು

ನನ್ನ ಮೇಜಿನ ಮೇಲೆ ಒಂದೇ ದಿನ ಎರಡು ಕಡತಗಳಿದ್ದವು. ಹಲವು ವರ್ಷಗಳ ಹಿಂದಿನ ಮಾತು. ಆಗ ನಾನು ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಒಂದು ಕಡತ ಶಾಲಾ ಮಕ್ಕಳಿಗೆ ಬ್ಯಾಗು, ನೋಟ್‌ಪುಸ್ತಕ ಹಂಚುವ ಕಾರ್ಯಕ್ರಮದ ಖರ್ಚಿನದು. ಅದರ ಮೇಲೆ ಕೆಂಪು ಶಾಯಿಯಲ್ಲಿ ‘ತುರ್ತು’ ಎಂದು ಬರೆದಿತ್ತು. ಇನ್ನೊಂದು, ಕಚೇರಿ ಗುಡಿಸಿ ಒರೆಸುವ ಕೆಲಸಗಾರರನ್ನು ಒದಗಿಸುತ್ತಿದ್ದ ಗುತ್ತಿಗೆದಾರನ ಬಿಲ್ಲುಗಳ ಕಟ್ಟು. ಮೊದಲನೆಯದಕ್ಕೆ ಬೆಳಿಗ್ಗೆ ಮಂಜೂರಾತಿ ಸಿಕ್ಕಿ ಮಧ್ಯಾಹ್ನದೊಳಗೆ ಹಣ ಪಾವತಿಯಾಗಿತ್ತು; ಬ್ಯಾಗು ಸರಬರಾಜು ಮಾಡಿದವರಿಗೂ, ವೇದಿಕೆ ಕಟ್ಟಿದವರಿಗೂ, ಫೋಟೋದವರಿಗೂ ಮುಂಗಡ ಹೋಗಿತ್ತು. ಎರಡನೆಯದು ಎರಡು ತಿಂಗಳಿನಿಂದ ನನ್ನ ಟ್ರೇಯಲ್ಲೇ ಇತ್ತು, ಏಕೆಂದರೆ ಹಾಜರಾತಿ ಪಟ್ಟಿಯ ಒಂದು ಪುಟಕ್ಕೆ ಅಧಿಕಾರಿಯೊಬ್ಬರ ಸಹಿ ಬಿದ್ದಿರಲಿಲ್ಲ. ಆ ಅಧಿಕಾರಿ ಅದೇ ಕಾರ್ಯಕ್ರಮದ ಸಿದ್ಧತೆಗಾಗಿ ಓಡಾಡುತ್ತಿದ್ದರು. ನಿಯಮದ ಪ್ರಕಾರ ನನ್ನಿಂದ ತಪ್ಪೇನೂ ಆಗಿರಲಿಲ್ಲ. ಸಹಿಯಿಲ್ಲದ ಬಿಲ್ಲನ್ನು ಪಾಸು ಮಾಡುವಂತಿರಲಿಲ್ಲ. ಆದರೆ ಎದ್ದು ಹೋಗಿ ಆ ಸಹಿ ಹಾಕಿಸಿಕೊಂಡು ಬರಬಹುದಿತ್ತು ಎಂಬುದು ಆ ಎರಡು ತಿಂಗಳಲ್ಲಿ ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಕಾರ್ಯಕ್ರಮದ ದಿನ ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದರು. ಹಿರಿಯ ಅಧಿಕಾರಿಗಳು ಒಬ್ಬೊಬ್ಬರಾಗಿ ಬಂದು ಬ್ಯಾಗು ಕೊಡುತ್ತಿದ್ದರು, ಫೋಟೋ ತೆಗೆಯಲಾಗುತ್ತಿತ್ತು, ಮಗು ವೇದಿಕೆಯಿಂದ ಇಳಿದು ಹೋಗುತ್ತಿತ್ತು. ಎಂಟೊಂಬತ್ತು ವರ್ಷದ ಒಬ್ಬ ಹುಡುಗಿ ಬ್ಯಾಗು ತೆಗೆದುಕೊಂಡು ಮೆಟ್ಟಿಲಿಳಿಯುವಾಗ ಫೋಟೋದವರು ಕೈ ಅಡ್ಡ ಮಾಡಿದರು. ಬ್ಯಾಗಿನ ಮೇಲಿದ್ದ ಕಂಪನಿಯ ಹೆಸರು ಚಿತ್ರದಲ್ಲಿ ಸರಿಯಾಗಿ ಬಿದ್ದಿರಲಿಲ್ಲವಂತೆ. ಅವಳನ್ನು ಮತ್ತೆ ಮೇಲೆ ಕರೆದು, ಬ್ಯಾಗು ವಾಪಸು ಕೊಡಲು ಹೇಳಿದರು. ಅವಳು ಕೊಟ್ಟಳು, ಆದರೆ ಹೆಗಲಪಟ್ಟಿಯ ಒಂದು ತುದಿಯನ್ನು ಮಾತ್ರ ಬಿಡಲಿಲ್ಲ. ಒಮ್ಮೆ ಕೈಗೆ ಬಂದದ್ದು ಹೀಗೆ ಹಿಂದಕ್ಕೆ ಹೋದರೆ ಮತ್ತೆ ಬಂದೀತೆಂಬ ನಂಬಿಕೆ ಅವಳಿಗಿರಲಿಲ್ಲ. ಪಟ್ಟಿಯ ತುದಿ ಅವಳ ಮುಷ್ಟಿಯಲ್ಲಿ, ಬ್ಯಾಗು ಅಧಿಕಾರಿಯ ಕೈಯಲ್ಲಿ. ಹಾಗೆಯೇ ಎರಡನೆಯ ಚಿತ್ರ ತೆಗೆದರು. ವಾರ್ಷಿಕ ವರದಿಯಲ್ಲಿ ಅಚ್ಚಾದದ್ದು ಅದೇ ಚಿತ್ರ. ಅದರಲ್ಲಿ ಆ ಮುಷ್ಟಿ ಸ್ಪಷ್ಟವಾಗಿ ಕಾಣುತ್ತದೆ. ಸ್ವೀಕರಿಸುತ್ತಿರುವ ಕೈ ಎಂದೇ ನೋಡಿದವರೆಲ್ಲ ತಿಳಿದಿರುತ್ತಾರೆ.

ನಾನು ಸಭಾಂಗಣದ ಹಿಂಬಾಗಿಲ ಬಳಿ ನಿಂತಿದ್ದೆ. ಪಕ್ಕದಲ್ಲಿ, ಎಲ್ಲ ಮುಗಿದ ಮೇಲೆ ಗುಡಿಸಲೆಂದು ಪೊರಕೆ ಹಿಡಿದು ನಿಂತಿದ್ದವರು ನಮ್ಮ ಮಹಡಿಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸು. ಅಂದು ಎಲ್ಲರಿಗಿಂತ ಮೊದಲೇ ಬಂದು ಜಮಖಾನ ಹಾಸಿದ್ದವರೂ ಅವರೇ. ವೇದಿಕೆಯನ್ನೇ ನೋಡುತ್ತ, ನನ್ನ ಕಡೆ ತಿರುಗದೆ, ಮೆಲ್ಲಗೆ ಕೇಳಿದರು: “ಸಾರ್, ನಮ್ಮ ದುಡ್ಡು ಯಾವಾಗ ಬರ್ತದೆ? ಎರಡು ತಿಂಗಳಾಯ್ತು.” ಗುತ್ತಿಗೆದಾರನನ್ನು ಕೇಳಬೇಕಮ್ಮ ಎಂದೆ. “ಕೇಳಿದ್ವಿ ಸಾರ್. ಕಂಪನಿಯಿಂದ ಬಂದಿಲ್ಲ ಅಂತಾರೆ.” ಅವನು ಹೇಳಿದ್ದು ನಿಜವಾಗಿತ್ತು.

ನಾನು ಲೆಕ್ಕ ಬರೆಯುವವನು. ಹಣ ಹೊರಗೆ ಹೋಗುವಾಗ ಅದನ್ನು ಯಾವ ಖಾತೆಗೆ ಬರೆಯಬೇಕು ಎಂಬುದೇ ನನ್ನ ದಿನನಿತ್ಯದ ಪ್ರಶ್ನೆ. ತೀರಿಸಬೇಕಾದ ಬಾಕಿ ಒಂದು ಕಡೆ, ಮನಸಾರೆ ಕೊಟ್ಟ ಕೊಡುಗೆ ಇನ್ನೊಂದು ಕಡೆ. ಪುಸ್ತಕದಲ್ಲಿ ಇವೆರಡೂ ಬೆರೆಯುವುದಿಲ್ಲ. ಬದುಕಿನಲ್ಲಿ ಬೆರೆಯುತ್ತವೆ ಎಂಬುದು, ಬಾಕಿ ಉಳಿಸಿಕೊಂಡವನು ಕೊಡುಗೈ ದಾನಿಯಾಗಿ ಕಾಣಬಲ್ಲ ಎಂಬುದು ನನಗೆ ಹೊಳೆದದ್ದು ಆ ಹಿಂಬಾಗಿಲ ಬಳಿ. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ನಮ್ಮಲ್ಲಿ ಸುಮ್ಮನೆ ಹೇಳಿಲ್ಲ. ಅಂದಿನಿಂದ ಯಾರಾದರೂ ದಾನ ಮಾಡಿದ ಸುದ್ದಿ ಓದಿದಾಗಲೆಲ್ಲ, ಅದನ್ನು ಮೆಚ್ಚಿಕೊಳ್ಳುತ್ತಲೇ, ಪಕ್ಕದ ಟ್ರೇಯಲ್ಲಿ ಏನಿದ್ದಿರಬಹುದು ಎಂಬ ಪ್ರಶ್ನೆ ನನ್ನಲ್ಲಿ ಏಳುತ್ತದೆ.

ಹೋಮ್‌ಸ್ಟೆಡ್‌ನ ಗ್ರಂಥಾಲಯ

ಸಂಪತ್ತು ಮತ್ತು ದಾನದ ಮಾತು ಎದ್ದಲ್ಲೆಲ್ಲ ಆಂಡ್ರ್ಯೂ ಕಾರ್ನೆಗಿಯವರ ಹೆಸರು ಬಂದೇ ಬರುತ್ತದೆ. ಬರಬೇಕಾದದ್ದೇ. 1901ರಲ್ಲಿ ತಮ್ಮ ಉಕ್ಕಿನ ಉದ್ಯಮವನ್ನು 48 ಕೋಟಿ ಡಾಲರ್ ಬೆಲೆಗೆ ಮಾರಿದ ಅವರು, 1919ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಸುಮಾರು 35 ಕೋಟಿ ಡಾಲರುಗಳನ್ನು ಸಾರ್ವಜನಿಕ ಕೆಲಸಗಳಿಗೆ ಕೊಟ್ಟಿದ್ದರು. ಅವರ ಹಣದಿಂದ ಹಲವು ದೇಶಗಳಲ್ಲಿ 2,500ಕ್ಕೂ ಹೆಚ್ಚು ಗ್ರಂಥಾಲಯಗಳು ಎದ್ದವು. ಅವರು ಹಾಕುತ್ತಿದ್ದ ಷರತ್ತು ನನಗೆ ತುಂಬ ಇಷ್ಟ: ಕಟ್ಟಡಕ್ಕೆ ಹಣ ತಮ್ಮದು, ಆದರೆ ನಿವೇಶನವನ್ನು ಊರು ಕೊಡಬೇಕು, ಕೊಟ್ಟ ಹಣದ ಶೇಕಡಾ 10ರಷ್ಟನ್ನು ಪ್ರತಿ ವರ್ಷ ಊರೇ ತನ್ನ ಬೊಕ್ಕಸದಿಂದ ನಿರ್ವಹಣೆಗೆ ತೆಗೆದಿಡಬೇಕು. ಕಟ್ಟಿ ಕೈಬಿಟ್ಟ ಕಟ್ಟಡಗಳ ಗತಿ ಏನಾಗುತ್ತದೆಂದು ಬಲ್ಲ ವ್ಯಾಪಾರಿಯ ವಿವೇಕ ಅದರಲ್ಲಿದೆ. ದಾನಿಯ ಹೆಸರಿನ ಗ್ರಂಥಾಲಯ ಹೀಗೆ ಊರಿನ ಸ್ವಂತ ಜವಾಬ್ದಾರಿಯಾಗುತ್ತಿತ್ತು.

ಆದರೆ 1889ರಲ್ಲಿ ಅವರು ಸಂಪತ್ತಿನ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ ಎರಡು ಮಾತುಗಳಿವೆ. ಹಣವಂತನು ತನ್ನ ಹಣಕ್ಕೆ ಸಮಾಜದ ಪರವಾದ ಧರ್ಮದರ್ಶಿ, ಅದನ್ನೆಲ್ಲ ಇಟ್ಟುಕೊಂಡೇ ಸಾಯುವುದು ಅವಮಾನ ಎಂಬುದು ಮೊದಲನೆಯದು. ಎಲ್ಲರೂ ಇದನ್ನು ನೆನೆಯುತ್ತಾರೆ. ಎರಡನೆಯದನ್ನು ನೆನೆಯುವವರು ಕಡಿಮೆ. ಅದೇ ಹಣ ಸಣ್ಣ ಸಣ್ಣ ಮೊತ್ತಗಳಾಗಿ ಜನರಿಗೆ ಹಂಚಿಹೋಗಿದ್ದರೆ ಬಹುಪಾಲು ಅವರವರ ಚಪಲಗಳಿಗೇ ವ್ಯರ್ಥವಾಗುತ್ತಿತ್ತು, ಒಬ್ಬ ಸಮರ್ಥನ ಕೈಯಲ್ಲಿ ಒಟ್ಟಾದದ್ದರಿಂದಲೇ ಅದರಿಂದ ದೊಡ್ಡ ಕೆಲಸ ಸಾಧ್ಯ ಎಂಬ ಅರ್ಥದ ಮಾತು ಅದು. ಸಣ್ಣ ಸಣ್ಣ ಮೊತ್ತಗಳಾಗಿ ಜನರಿಗೆ ಹೋಗುವ ಹಣಕ್ಕೆ ನನ್ನ ಕಸುಬಿನಲ್ಲಿ ಒಂದು ಹೆಸರಿದೆ: ಕೂಲಿ.

ಮೂರು ವರ್ಷಗಳ ನಂತರ, 1892ರಲ್ಲಿ, ಪೆನ್ಸಿಲ್ವೇನಿಯಾದ ಹೋಮ್‌ಸ್ಟೆಡ್‌ನಲ್ಲಿದ್ದ ಅವರ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಇಳಿಸುವ ವಿಚಾರಕ್ಕೆ ಜಗಳವೆದ್ದಿತು. ಆಡಳಿತ ನೋಡಿಕೊಳ್ಳುತ್ತಿದ್ದ ಹೆನ್ರಿ ಫ್ರಿಕ್ ಕಾರ್ಮಿಕರನ್ನು ಹೊರಗಿಟ್ಟು ಬೀಗ ಹಾಕಿಸಿದರು, ಕಾರ್ನೆಗಿಯವರು ಸ್ಕಾಟ್‌ಲೆಂಡಿನಲ್ಲಿದ್ದರು. ಜುಲೈ 6ರಂದು ಪಿಂಕರ್ಟನ್ ಸಂಸ್ಥೆಯ ಸುಮಾರು 300 ಕಾವಲುಗಾರರು ದೋಣಿಗಳಲ್ಲಿ ನದಿಯ ಮೂಲಕ ಬಂದರು. ದಡದಲ್ಲಿ ಗುಂಡಿನ ಕಾಳಗವಾಗಿ ಎರಡೂ ಕಡೆ ಜನ ಸತ್ತರು. ಕಾರ್ಮಿಕ ಸಂಘ ಸೋತುಹೋಯಿತು, ದಿನಕ್ಕೆ 12 ಗಂಟೆಯ ದುಡಿಮೆ ಮುಂದುವರಿಯಿತು. 1898ರಲ್ಲಿ, ಆ ಕಾರ್ಖಾನೆಯ ಮಗ್ಗುಲಲ್ಲೇ, ಸಂಗೀತ ಸಭಾಂಗಣವೂ ಈಜುಕೊಳವೂ ಇರುವ ಭವ್ಯವಾದ ಗ್ರಂಥಾಲಯವೊಂದನ್ನು ಕಾರ್ನೆಗಿಯವರು ಕಟ್ಟಿಸಿಕೊಟ್ಟರು. ಅದು ಇಂದಿಗೂ ನಡೆಯುತ್ತಿದೆ.

ಆ ಗ್ರಂಥಾಲಯವನ್ನು ಹಳಿಯಲು ನನಗೆ ಮನಸ್ಸಿಲ್ಲ. ಅಲ್ಲಿ ಕುಳಿತು ಓದಿ ಬದುಕು ಕಟ್ಟಿಕೊಂಡ ಮಗುವಿಗೆ ಆ ಪುಸ್ತಕದ ಹಿಂದೆ ಯಾವ ಹಣವಿತ್ತು ಎಂಬುದರಿಂದ ಅಕ್ಷರ ಬದಲಾಗುವುದಿಲ್ಲ. ನನ್ನ ಕಣ್ಣಿಗೆ ಕಟ್ಟುವುದು ಆ ಮಗುವಿನ ತಂದೆ. ಕುಲುಮೆಯ ಎದುರು 12 ಗಂಟೆ ನಿಂತು ಬಂದವನಿಗೆ ಆ ಗ್ರಂಥಾಲಯದ ಮೆಟ್ಟಿಲು ಹತ್ತಲು ಎಷ್ಟು ಶಕ್ತಿ ಉಳಿದಿರುತ್ತಿತ್ತು? ಅವನ ಸಂಬಳದಿಂದ ಕಡಿತವಾದದ್ದು ಅವನ ಊರಿಗೆ ಕೊಡುಗೆಯಾಗಿ ಮರಳಿತು. ನಡುವೆ ಒಂದು ಬದಲಾವಣೆಯಾಗಿತ್ತು: ಸಂಬಳವಾಗಿದ್ದರೆ ಅದನ್ನು ಹೇಗೆ ಖರ್ಚು ಮಾಡಬೇಕೆಂದು ಅವನು ನಿರ್ಧರಿಸುತ್ತಿದ್ದ, ಕೊಡುಗೆಯಾದದ್ದರಿಂದ ಇನ್ನೊಬ್ಬರು ನಿರ್ಧರಿಸಿದರು. ಜೊತೆಗೆ ಅವನು ಕೃತಜ್ಞನೂ ಆಗಿರಬೇಕಾಯಿತು.

ಇಂದಿನ ದೊಡ್ಡ ದಾನಿಗಳು ಇನ್ನೂ ಮುಂದೆ ಹೋಗಿದ್ದಾರೆ. 2010ರಲ್ಲಿ ವಾರೆನ್ ಬಫೆಟ್, ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಆರಂಭಿಸಿದ ಪ್ರತಿಜ್ಞೆಗೆ ಸಹಿ ಹಾಕಿದವರು ಸಂಪತ್ತಿನ ಅರ್ಧಕ್ಕಿಂತ ಹೆಚ್ಚನ್ನು ಕೊಡುವುದಾಗಿ ಮಾತು ಕೊಡುತ್ತಾರೆ. ಅದು ನೈತಿಕ ವಾಗ್ದಾನ, ಕಾನೂನಿನ ಕಟ್ಟು ಅದಕ್ಕಿಲ್ಲ. 2013ರಲ್ಲಿ ಅದಕ್ಕೆ ಸೇರಿದ ಮೊದಲ ಭಾರತೀಯರಾದ ಅಜೀಂ ಪ್ರೇಮ್‌ಜಿಯವರು 2019ರ ಹೊತ್ತಿಗೆ ವಿಪ್ರೋ ಕಂಪನಿಯ ಶೇಕಡಾ 67ರಷ್ಟು ಷೇರುಗಳ ಆರ್ಥಿಕ ಫಲವನ್ನು ಶಿಕ್ಷಣವೇ ಮುಖ್ಯ ಕೆಲಸವಾದ ತಮ್ಮ ದತ್ತಿಗೆ ಮೀಸಲಿಟ್ಟಿದ್ದರು. ಲಾಭದಲ್ಲಿ ಒಂದಿಷ್ಟು ಎತ್ತಿಕೊಡುವುದಕ್ಕೂ ಒಡೆತನದ ಫಲವನ್ನೇ ಬಿಟ್ಟುಕೊಡುವುದಕ್ಕೂ ಬಹಳ ಅಂತರವಿದೆ, ಅದಕ್ಕೆ ತಲೆಬಾಗುತ್ತೇನೆ. ನನ್ನ ತಕರಾರು ಇರುವುದು ನಾವು ಅಳೆಯುವ ಕ್ರಮದ ಬಗ್ಗೆ. ಎಷ್ಟು ಕೊಟ್ಟರು ಎಂದು ಕೇಳುತ್ತೇವೆ, ಪಟ್ಟಿ ಮಾಡುತ್ತೇವೆ, ಸ್ಥಾನ ಕೊಡುತ್ತೇವೆ. ಗಳಿಸುವಾಗ ಯಾರ ಪಾಲು ಯಾರಿಗೆ ಸಕಾಲದಲ್ಲಿ ಸಂದಿತು ಎಂಬುದಕ್ಕೆ ಅಂಥ ಪಟ್ಟಿಯನ್ನು ನಾನು ನೋಡಿಲ್ಲ.

ಶೇಕಡಾ ಎರಡು

ಕಂಪನಿಯ ಹಣದ ವಿಷಯಕ್ಕೆ ಬಂದರೆ ಪ್ರಶ್ನೆ ಇನ್ನೂ ತೊಡಕು, ಏಕೆಂದರೆ ಅಲ್ಲಿ ಕೊಡುವವನ ಕೈಯಲ್ಲಿರುವುದು ಅವನ ಸ್ವಂತ ಹಣವಲ್ಲ. ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಎತ್ತಿದ ಆಕ್ಷೇಪ ಇದೇ: ವ್ಯವಸ್ಥಾಪಕನು ಸಮಾಜಸೇವೆಯ ಹೆಸರಿನಲ್ಲಿ ಖರ್ಚು ಮಾಡುವುದು ಷೇರುದಾರರ, ಗ್ರಾಹಕರ ಅಥವಾ ನೌಕರರ ಹಣವನ್ನು, ಆಟದ ನಿಯಮಗಳೊಳಗೆ ಲಾಭ ಹೆಚ್ಚಿಸುವುದಷ್ಟೇ ವ್ಯವಹಾರದ ಹೊಣೆ. ಇದರ ಎರಡನೆಯ ಭಾಗವನ್ನು ನಾನು ಒಪ್ಪುವುದಿಲ್ಲ. ಆಟದ ನಿಯಮಗಳನ್ನು ಬರೆಯುವಲ್ಲಿ ದೊಡ್ಡ ಕಂಪನಿಗಳ ಕೈಯೂ ಇರುತ್ತದೆ, ಹೊಗೆ ನುಂಗಿದವನಿಗೂ ಕೆಟ್ಟ ನೀರು ಕುಡಿದವನಿಗೂ ಆ ಆಟದಲ್ಲಿ ಜಾಗವೇ ಇರುವುದಿಲ್ಲ. ಮೊದಲನೆಯ ಭಾಗವನ್ನು ಮಾತ್ರ ತಳ್ಳಿಹಾಕಲಾರೆ. ಆ ವೇದಿಕೆಯ ಮೇಲೆ ಬ್ಯಾಗು ಕೊಡುತ್ತಿದ್ದ ಅಧಿಕಾರಿಯ ಜೇಬಿನಿಂದ ಒಂದು ಪೈಸೆಯೂ ಹೋಗಿರಲಿಲ್ಲ. ಪೊರಕೆ ಹಿಡಿದು ನಿಂತಿದ್ದವರ ಎರಡು ತಿಂಗಳ ಕೂಲಿ ಕಂಪನಿಯ ಖಾತೆಯಲ್ಲೇ ಉಳಿದು, ಒಂದು ಅರ್ಥದಲ್ಲಿ ಆ ಬ್ಯಾಗುಗಳಿಗೆ ಬಡ್ಡಿಯಿಲ್ಲದ ಸಾಲವಾಗಿತ್ತು.

ಕಂಪನಿಗಳು ಸಮಾಜಕ್ಕಾಗಿ ಖರ್ಚು ಮಾಡುವುದನ್ನು ಭಾರತ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನಲ್ಲಿ ಕಾನೂನಾಗಿಸಿತು. ನಿವ್ವಳ ಮೌಲ್ಯ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ಖರ್ಚು ಮಾಡಬೇಕು. ಮೊದಮೊದಲು, ಖರ್ಚು ಮಾಡದಿದ್ದರೆ ಕಾರಣ ಹೇಳಿದರೆ ಸಾಕಾಗಿತ್ತು. 2021ರಲ್ಲಿ ನಿಯಮ ಬಿಗಿಯಾಯಿತು: ಉಳಿದ ಹಣವನ್ನು ಕಾನೂನು ಹೆಸರಿಸಿದ ನಿಧಿಗೆ, ಇಲ್ಲವೇ ನಡೆಯುತ್ತಿರುವ ಯೋಜನೆಯದಾದರೆ ಪ್ರತ್ಯೇಕ ಖಾತೆಗೆ ವರ್ಗಾಯಿಸಲೇಬೇಕು. ಲೆಕ್ಕದವನ ದೃಷ್ಟಿಯಲ್ಲಿ ಇದು ದೊಡ್ಡ ಪಲ್ಲಟ, ಏಕೆಂದರೆ ಆವರೆಗೆ ಕೊಡುಗೆಯ ಖಾತೆಯಲ್ಲಿದ್ದದ್ದು ಅಂದಿನಿಂದ ಬಾಕಿಯ ಖಾತೆಗೆ ಬಂತು. ಸಮಾಜಕ್ಕೆ ಕೊಡುವುದು ಉಪಕಾರ ಎಂಬಲ್ಲಿಂದ ಋಣ ಎಂಬಲ್ಲಿಗೆ ಒಂದು ಹೆಜ್ಜೆ ಅದು. ನೌಕರರಿಗಾಗಿ ಮಾತ್ರ ಮಾಡಿದ ಖರ್ಚನ್ನು ಈ ಲೆಕ್ಕಕ್ಕೆ ಹಿಡಿಯಬಾರದು ಎಂಬ ನಿಯಮವೂ ಸರಿಯಾದದ್ದೇ. ತನ್ನವರಿಗೆ ಕೊಡಲೇಬೇಕಾದದ್ದನ್ನು ಕೊಟ್ಟು ಸಮಾಜಸೇವೆ ಎಂದು ಬರೆದುಕೊಳ್ಳಲು ಅದು ಬಿಡುವುದಿಲ್ಲ.

ಆದರೆ ನಾನು ಕಂಡಂತೆ, ಈ ಎರಡು ಲೆಕ್ಕಗಳನ್ನು ಇಡುವವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಶೇಕಡಾ ಎರಡಕ್ಕೆ ಸಮಿತಿಯಿದೆ, ನಿರ್ದೇಶಕರ ವರದಿಯಲ್ಲಿ ಪುಟಗಳಿವೆ. ಸಣ್ಣ ಸರಬರಾಜುದಾರರ ಬಾಕಿಗೂ ಕಾನೂನಿದೆ: 2006ರ ಭಾರತದ ಕಾಯ್ದೆ ಸಣ್ಣ ಉದ್ಯಮಗಳ ಹಣವನ್ನು ಹೆಚ್ಚೆಂದರೆ 45 ದಿನಗಳಲ್ಲಿ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಬೇಕು ಎನ್ನುತ್ತದೆ, ಯುರೋಪಿನ ಒಕ್ಕೂಟವೂ 2011ರಲ್ಲಿ ಇಂಥದೇ ನಿರ್ದೇಶನ ಹೊರಡಿಸಿತು. ಬಡ್ಡಿಯನ್ನು ಕೇಳುವ ಧೈರ್ಯ ಮಾತ್ರ ಸಣ್ಣವನಿಗೆ ಬರುವುದಿಲ್ಲ. ಕೇಳಿದರೆ ಮುಂದಿನ ಆರ್ಡರು ಇನ್ನೊಬ್ಬನಿಗೆ ಹೋಗುತ್ತದೆಂದು ಅವನಿಗೆ ಗೊತ್ತು. ಅವನು ತನ್ನ ಕೆಲಸಗಾರರ ಸಂಬಳ ತಡೆಯುತ್ತಾನೆ, ಕೆಲಸಗಾರರು ಕೈಸಾಲ ಮಾಡುತ್ತಾರೆ. ಸರಪಳಿಯ ತುದಿಯಲ್ಲಿ ಬಡ್ಡಿ ಕಟ್ಟುವವರು ಯಾವಾಗಲೂ ಎಲ್ಲರಿಗಿಂತ ಕಡಿಮೆ ಇರುವವರೇ. ಒಂದು ಕಂಪನಿ ಏನೂ ದಾನ ಮಾಡದೆ, ಎಲ್ಲ ಬಿಲ್ಲುಗಳನ್ನೂ ಹೇಳಿದ ದಿನ ತೀರಿಸಿದರೆ ಎಷ್ಟು ಮನೆಗಳಲ್ಲಿ ನೆಮ್ಮದಿಯಿರುತ್ತದೆ ಎಂಬ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ.

ನಿಂತೇ ಇದ್ದ ಹುಡುಗ

ಕಂಪನಿಗಳ ಬಗ್ಗೆ ಇಷ್ಟು ಹೇಳಿದ ಮೇಲೆ ನನ್ನ ಬಗ್ಗೆಯೂ ಹೇಳಬೇಕು. ಕೆಲವು ವರ್ಷ ನಾನು ಒಬ್ಬ ವಿದ್ಯಾರ್ಥಿಯ ಕಾಲೇಜು ಶುಲ್ಕ ಕಟ್ಟುತ್ತಿದ್ದೆ. ನಾನು ಯಾವ ಷರತ್ತನ್ನೂ ಹಾಕಿರಲಿಲ್ಲ. ಆದರೂ ಅವನು ಪ್ರತಿ ಪರೀಕ್ಷೆಯ ನಂತರ ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಮನೆಗೆ ಬರುತ್ತಿದ್ದ. ಬಾಗಿಲ ಒಳಗೆ, ಚಪ್ಪಲಿ ಬಿಟ್ಟ ಜಾಗದಿಂದ ಎರಡು ಹೆಜ್ಜೆ ಮುಂದೆ ನಿಂತು, ಎರಡೂ ಕೈಯಲ್ಲಿ ಹಿಡಿದು ನನ್ನತ್ತ ಚಾಚುತ್ತಿದ್ದ. ನಾನು ನೋಡಿ, ಒಂದೆರಡು ಒಳ್ಳೆಯ ಮಾತು ಹೇಳಿ, ಗಣಿತದಲ್ಲಿ ಇನ್ನೂ ಸ್ವಲ್ಪ ಶ್ರಮ ಹಾಕಬೇಕು ಎಂದು ಸೇರಿಸುತ್ತಿದ್ದೆ. ಒಂದು ಸಲ ಅವನು ಹೋದ ಮೇಲೆ ಅಮ್ಮ ಹೇಳಿದರು: “ಅಷ್ಟು ಹೊತ್ತು ನಿಂತೇ ಇದ್ದನಲ್ಲೋ ಆ ಹುಡುಗ. ಕೂತ್ಕೋ ಅಂತ ನಿನ್ನ ಬಾಯಿಂದ ಬರಲೇ ಇಲ್ಲ.” ಅದು ಅವನ ನಾಲ್ಕನೆಯ ಭೇಟಿ. ಹಿಂದಿನ ಮೂರು ಸಲವೂ ನಾನು ಕೂರಲು ಹೇಳಿರಲಿಲ್ಲ ಎಂಬುದು ಆಗ ನೆನಪಾಯಿತು. ಇನ್ನೂ ಕಷ್ಟದ ವಿಷಯವೆಂದರೆ, ಒಮ್ಮೆ ಅವನು ಬರುವುದು ಒಂದು ವಾರ ತಡವಾದಾಗ ನನಗೆ ಅಸಮಾಧಾನವಾಗಿತ್ತು. ಯಾವ ಪುಸ್ತಕದಲ್ಲೂ ಬರೆಯದ ಒಂದು ಸಾಲವನ್ನು ನಾನು ಅವನ ಹೆಸರಿನಲ್ಲಿ ಬರೆದುಕೊಂಡಿದ್ದೆ, ಅದರ ಕಂತನ್ನು ಅವನು ನಿಂತುಕೊಂಡು ತೀರಿಸುತ್ತಿದ್ದ.

ಹನ್ನೆರಡನೆಯ ಶತಮಾನದ ಯಹೂದಿ ಚಿಂತಕ ಮೈಮೊನಿಡೀಸ್ ದಾನವನ್ನು ಎಂಟು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾನೆ. ಒಲ್ಲದ ಮನಸ್ಸಿನಿಂದ ಕೊಡುವುದು ಎಲ್ಲಕ್ಕಿಂತ ಕೆಳಗೆ. ಕೊಟ್ಟವನಾರೆಂದು ಪಡೆದವನಿಗೂ, ಪಡೆದವನಾರೆಂದು ಕೊಟ್ಟವನಿಗೂ ತಿಳಿಯದಿರುವುದು ಮೇಲಿನಿಂದ ಎರಡನೆಯದು. ಎಲ್ಲಕ್ಕಿಂತ ಮೇಲೆ ಇರುವುದು ಕಷ್ಟದಲ್ಲಿರುವವನಿಗೆ ಸಾಲ ಕೊಡುವುದು, ಅವನ ಜೊತೆ ಪಾಲುದಾರಿಕೆ ಮಾಡುವುದು, ಅವನಿಗೊಂದು ಕೆಲಸ ಒದಗಿಸುವುದು, ಅಂದರೆ ಅವನು ಮತ್ತೆ ಕೈಚಾಚದಂತೆ ಮಾಡುವುದು. ನ್ಯಾಯವಾದ ವ್ಯವಹಾರವನ್ನೇ ಅವನು ಶ್ರೇಷ್ಠ ದಾನವೆಂದು ಕರೆದಂತಾಯಿತು. ಅದೇ ಶತಮಾನದಲ್ಲಿ, ಅವನ ಹೆಸರನ್ನೂ ಕೇಳದ ಕಲ್ಯಾಣದಲ್ಲಿ, ಆಯ್ದಕ್ಕಿ ಲಕ್ಕಮ್ಮನ ಕಥೆ ಹುಟ್ಟಿತು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮ್ಮ ಕಾಯಕಕ್ಕೆ ಸಲ್ಲುವುದು ಇಷ್ಟಲ್ಲ, ಹೆಚ್ಚಾದದ್ದನ್ನು ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದವಳು ಆಕೆ. ಆ ಅಕ್ಕಿ ದಾಸೋಹಕ್ಕೇ ಹೋಗುತ್ತಿತ್ತು, ಆದರೂ ಬೇಡವೆಂದಳು. ಕಾಯಕ ಶುದ್ಧವಾಗಿದ್ದರೆ ಮಾತ್ರ ದಾಸೋಹ ಎಂಬ ಕ್ರಮವನ್ನು ಅವಳು ಕದಲಿಸಲಿಲ್ಲ.

ಮೈಮೊನಿಡೀಸನ ಎರಡನೆಯ ಮೆಟ್ಟಿಲಿನ ಸಮೀಪಕ್ಕೆ ಬಂದವರೊಬ್ಬರು ನಮ್ಮ ಕಾಲದಲ್ಲಿದ್ದರು. ಸುಂಕರಹಿತ ಅಂಗಡಿಗಳ ಸರಣಿ ಕಟ್ಟಿದ ಚಕ್ ಫೀನಿ 1982ರಲ್ಲಿ ಅಟ್ಲಾಂಟಿಕ್ ಫಿಲಾಂತ್ರಪೀಸ್ ಎಂಬ ದತ್ತಿಯನ್ನು ಸ್ಥಾಪಿಸಿ, ಎರಡು ವರ್ಷಗಳ ನಂತರ ತಮ್ಮ ವ್ಯವಹಾರದ ಪಾಲನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಅದಕ್ಕೆ ವರ್ಗಾಯಿಸಿದರು. 1997ರವರೆಗೆ ಹೊರಗಿನವರಿಗೆ ಇದು ಗೊತ್ತೇ ಇರಲಿಲ್ಲ. ಸುಮಾರು 800 ಕೋಟಿ ಡಾಲರ್ ಕೊಟ್ಟು ಮುಗಿಸಿ, 2020ರಲ್ಲಿ ದತ್ತಿಯನ್ನೇ ಮುಚ್ಚಿ, ಬಾಡಿಗೆ ಮನೆಯಲ್ಲಿದ್ದುಕೊಂಡೇ ಅವರು 2023ರಲ್ಲಿ ತೀರಿಕೊಂಡರು. ಕಟ್ಟಿಸಿದ ಕಟ್ಟಡಗಳಿಗೆ ತಮ್ಮ ಹೆಸರು ಇಡಗೊಡಲಿಲ್ಲ. ಅವರಷ್ಟು ದೊಡ್ಡ ಮನಸ್ಸು ನನಗಿಲ್ಲ. ಆದರೆ ಮುಂದಿನ ವರ್ಷದಿಂದ ಹಣವನ್ನು ಕಾಲೇಜಿನ ವಿದ್ಯಾರ್ಥಿ ನಿಧಿಗೆ, ಹೆಸರು ತಿಳಿಸಬಾರದೆಂದು ಹೇಳಿ, ಕಟ್ಟತೊಡಗಿದೆ. ಹುಡುಗ ಮನೆಗೆ ಬರುವುದು ನಿಂತಿತು. ಮೊದಲ ವರ್ಷ ಅದು ಬೇಸರ ತಂದಿತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಸಹಿ

ಬ್ಯಾಗು ಹಂಚಿದ ಆ ದಿನ ಮಧ್ಯಾಹ್ನ ನಾನು ಟ್ರೇಯಿಂದ ಹಾಜರಾತಿ ಪಟ್ಟಿಯನ್ನು ತೆಗೆದುಕೊಂಡು ಸಭಾಂಗಣಕ್ಕೆ ವಾಪಸು ಹೋದೆ. ಆ ಅಧಿಕಾರಿ ಅತಿಥಿಗಳನ್ನು ಬೀಳ್ಕೊಡುತ್ತಿದ್ದರು. ಕುರ್ಚಿಯ ಬೆನ್ನಿನ ಮೇಲೆ ಹಾಳೆಯಿಟ್ಟು, ಮಾತು ನಿಲ್ಲಿಸದೆಯೇ ಸಹಿ ಮಾಡಿದರು. ಅರ್ಧ ನಿಮಿಷವೂ ಹಿಡಿಯಲಿಲ್ಲ. ಎರಡು ತಿಂಗಳು ಕಾದದ್ದು ಆ ಅರ್ಧ ನಿಮಿಷಕ್ಕೆ ಎಂಬುದನ್ನು ನಾನು ಅವರಿಗೆ ಹೇಳಲಿಲ್ಲ, ಏಕೆಂದರೆ ಅದರಲ್ಲಿ ನನ್ನ ಪಾಲು ಅವರದಕ್ಕಿಂತ ಕಡಿಮೆಯೇನಿರಲಿಲ್ಲ.

ಮರುದಿನ ಗುತ್ತಿಗೆದಾರನಿಗೆ ಹಣ ಹೋಯಿತು. ಕೂಲಿ ಬಟವಾಡೆಯ ಹೊತ್ತಿನಲ್ಲಿ ಕಂಪನಿಯ ಪ್ರತಿನಿಧಿಯೊಬ್ಬ ಹಾಜರಿರಬೇಕೆಂಬ ನಿಯಮ ಆಗ ಇತ್ತು. ನಮ್ಮಲ್ಲಿ ಯಾರೂ ಹೋಗುತ್ತಿರಲಿಲ್ಲ. ಆ ಸಲ ನಾನು ಹೋಗಿ ನಿಂತೆ. ಅವರ ಸರದಿ ಬಂದಾಗ ಆ ಹೆಂಗಸು ನೋಟುಗಳನ್ನು ಒಮ್ಮೆ ಎಣಿಸಿ, ತಿರುಗಿಸಿ ಹಿಡಿದು ಇನ್ನೊಮ್ಮೆ ಎಣಿಸಿ, ರಿಜಿಸ್ಟರಿನಲ್ಲಿ ತಮ್ಮ ಹೆಸರಿನ ಮುಂದೆ ಒಂದೊಂದೇ ಅಕ್ಷರವಾಗಿ ಸಹಿ ಮಾಡಿದರು. ನನಗೆ ಕೃತಜ್ಞತೆ ಹೇಳಲಿಲ್ಲ, ಹೇಳುವಂಥದ್ದೂ ಏನಿರಲಿಲ್ಲ. ಹಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ, ಈ ಬಾರಿ ನೇರವಾಗಿ ನನ್ನ ಮುಖ ನೋಡಿ ಕೇಳಿದರು: “ಮುಂದಿನ ತಿಂಗಳದ್ದು ಏಳನೇ ತಾರೀಕಿಗೇ ಬರ್ತದಾ ಸಾರ್?”